ಡೇರಿ ಮುಂದಿನ ಕ್ಯಾನುಗಳೂ ನನ್ನ ಎಂಎ ಪದವಿಯೂ

ರಾಜ್ಯಶಾಸ್ತ್ರ ಓದಿದವಳು ಎಂದ ಕೂಡಲೇ ನಮ್ಮ ಕಡೆಯವರು ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಪುಸ್ತಕದ ರಟ್ಟು ಓದಿ, ದನಿ ತಗ್ಗಿಸಿ, "ಯಾವ ಪಾರ್ಟಿಯಿಂದ ನಿಂತ್ಕತೀಯವ್ವ?" ಎಂದು ಕೇಳಿದ್ದರು. ಎಲ್ಲೂ ನಿಲ್ಲುವುದಿಲ್ಲ, ಸುಮ್ಮನೆ ಓದುತ್ತಿದ್ದೇನೆ ಎಂದೆ. ಅವರಿಗೆ ನನ್ನ ಮೇಲಿದ್ದ ಆಸಕ್ತಿಯೇ ಹೊರಟುಹೋಯಿತು. ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡತೊಡಗಿದರು.

ಅವರದೇನೂ ತಪ್ಪಿಲ್ಲ. ಮೈಸೂರಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಈ ಓದು ಏತಕ್ಕೆಂದು ನನಗೂ ಗೊತ್ತಿರಲಿಲ್ಲ. ಮೊದಲ ವಾರವೆಲ್ಲ ನಮ್ಮ ವಿಭಾಗ ಎಲ್ಲಿದೆಯೆಂದು ಹುಡುಕುವುದರಲ್ಲೇ ಕಳೆಯಿತು. ನಮ್ಮೂರಿನಂಥ ನಾಲ್ಕೈದು ಊರುಗಳು ಆ ಕಾಂಪೌಂಡಿನೊಳಗೆ ಆರಾಮಾಗಿ ಹಿಡಿಸುತ್ತವೆ. ಎರಡು ಹಸುವಿನ ಮನೆಯಿಂದ ಬಂದವಳು ನಾನು, ಕಡೆಯ ಬೆಂಚು ಹಿಡಿದು ಕೂತೆ. ಕಳಿಸುವಾಗ ಅಪ್ಪ ಒಂದು ಕರಾರು ಹಾಕಿದ್ದರು: "ಎರ್ಡು ವರ್ಸ ಓದ್ಕೊ. ಅದ್ರ ಮ್ಯಾಲೆ ಒಂದಿನ ಅಂದ್ರೂ ಆಗಾಕಿಲ್ಲ." ಅಪ್ಪನ ಮಾತು ಅಂದರೆ ಮಾತೇ. ಎಲ್ಲಾದರೂ ಒಂದು ಸೆಮಿಸ್ಟರು ಹಿಂದೆ ಬಿದ್ದರೆ ನನ್ನ ಎಂಎ ಅಲ್ಲಿಗೇ ಮುಗಿಯುತ್ತಿತ್ತು.

ನಮಗೆ ಸಾಮಾಜಿಕ ಒಪ್ಪಂದ ಎಂಬ ಪಾಠವಿತ್ತು. ಬಹಳ ಹಿಂದೆ ಮನುಷ್ಯರು ಒಬ್ಬರಿಗೊಬ್ಬರು ಬಡಿದಾಡಿ ಸುಸ್ತಾಗಿ, ಕೊನೆಗೆ ಕೂತು ಒಂದು ಒಪ್ಪಂದಕ್ಕೆ ಬಂದರಂತೆ. ರಾಜ್ಯ ಹುಟ್ಟಿದ್ದು ಹಾಗಂತೆ. ಎಲ್ಲಿ ಕೂತರು, ಚಾಪೆ ಹಾಸಿದವರು ಯಾರು, ಕಾಫಿ ಕೊಟ್ಟರೋ ಇಲ್ಲವೋ, ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಓದುತ್ತ ಓದುತ್ತ ನನಗೆ ನಮ್ಮೂರ ಹಾಲಿನ ಡೇರಿ ಕಣ್ಣ ಮುಂದೆ ಬಂತು.

ಬೆಳಗ್ಗೆ ಡೇರಿಯ ಬಾಗಿಲು ತೆಗೆಯುವ ಮೊದಲೇ ಹೆಂಗಸರು ಬಂದು ತಂತಮ್ಮ ಕ್ಯಾನು ಸಾಲಿನಲ್ಲಿಟ್ಟು ಮನೆಗೆ ಹೋಗಿಬಿಡುತ್ತಾರೆ. ಒಲೆ ಹಚ್ಚಬೇಕು, ಸಗಣಿ ಬಾಚಬೇಕು, ಮಕ್ಕಳನ್ನು ಎಬ್ಬಿಸಬೇಕು. ಅವರ ಪರವಾಗಿ ಕ್ಯಾನು ನಿಂತಿರುತ್ತದೆ. ಹಾಲು ಕರೆಯುವುದು ತಡವಾದವರು ಒಂದು ಕಲ್ಲಿಟ್ಟು ಹೋದರೂ ನಡೆಯುತ್ತದೆ. ಆ ಕ್ಯಾನನ್ನಾಗಲಿ ಕಲ್ಲನ್ನಾಗಲಿ ಯಾರೂ ಮುಟ್ಟುವುದಿಲ್ಲ. ಇದನ್ನೆಲ್ಲೂ ಬರೆದಿಟ್ಟಿಲ್ಲ, ಕಾಯುವವರೂ ಇಲ್ಲ.

ಇದನ್ನೇ ನನ್ನ ಪ್ರಬಂಧದ ವಿಷಯವೆಂದು ಸೆಮಿನಾರಿನಲ್ಲಿ ಮಂಡಿಸಿದೆ. ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ನಗಲಿಲ್ಲ, ಆದರೆ ಒಂದು ಪ್ರಶ್ನೆ ಕೇಳಿದರು. "ಚೆನ್ನಾಗಿದೆಯಮ್ಮ. ಯಾರಾದರೂ ಬಲವಂತರು ಬಂದು ಸಾಲು ಮುರಿದರೆ ಏನಾಗುತ್ತದೆ?" ನೋಟ್‌ಬುಕ್ ತಿರುವಿ ಹಾಕಿದೆ, ಅದರಲ್ಲಿ ಅದಿರಲಿಲ್ಲ. ಹದಿನೈದು ದಿನದಲ್ಲಿ ಉತ್ತರ ತರಬೇಕು, ಇಲ್ಲವೇ ಹೊಸ ವಿಷಯ ಹಿಡಿದು ಮುಂದಿನ ಸೆಮಿಸ್ಟರಿಗೆ ಬರಬೇಕು ಎಂದರು. ನನಗೆ ಮುಂದಿನ ಸೆಮಿಸ್ಟರು ಎಂಬುದೇ ಇರಲಿಲ್ಲ.

ಊರಿಗೆ ಬಂದು ಒಂದು ವಾರ ಡೇರಿಯ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಒಬ್ಬರಾದರೂ ಸಾಲು ಮುರಿಯಬೇಕಲ್ಲ, ಇಲ್ಲ. ಜನ ಇಷ್ಟು ಒಳ್ಳೆಯವರಾಗಿರಬಾರದು ಎಂದು ನಾನು ಬೇಸರಪಟ್ಟುಕೊಂಡದ್ದು ಜೀವನದಲ್ಲಿ ಅದೊಂದೇ ಸಲ. ಎಂಟನೆಯ ದಿನ ಅವ್ವ ನನ್ನ ಕೈಗೆ ಕ್ಯಾನು ಕೊಟ್ಟು ಕಳಿಸಿದಾಗ ಸಂಶೋಧಕಿಯ ಬುದ್ಧಿ ಓಡಿತು. ಯಾರೂ ಮುರಿಯದಿದ್ದರೆ ನಾನೇ ಮುರಿದು ನೋಡಿದರಾಯಿತು. ಡೇರಿಯ ಬಾಗಿಲು ತೆಗೆಯುವ ಹೊತ್ತಿಗೆ, ತಿರುಗಿ ಬಂದಿದ್ದ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ನಮ್ಮ ಕ್ಯಾನನ್ನು ತಂದು ಸಾಲಿನ ಮುಂದಕ್ಕಿಟ್ಟೆ.

ಏನೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಸಾಲಿನ ಮೊದಲಲ್ಲಿದ್ದ ನಿಂಗಮ್ಮಜ್ಜಿ ನನ್ನ ಮುಖ ನೋಡಿ, ಸೆರಗು ಸರಿಮಾಡಿಕೊಂಡರು. ನಮ್ಮ ಹಾಲು ಮೊದಲು ಅಳೆದರು, ಫ್ಯಾಟು ನೋಡಿದರು, ಚೀಟಿ ಕೊಟ್ಟರು. ನನ್ನ ಎಂಎ ಮುಳುಗಿತು ಎಂದುಕೊಂಡು ಖಾಲಿ ಕ್ಯಾನು ಹಿಡಿದು ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಅತ್ತುಬಿಟ್ಟೆ.

ಮಾರನೆಯ ಬೆಳಗ್ಗೆ ಅವ್ವ ಎಂದಿನಂತೆ ಹೋಗಿ ನಾಲ್ಕನೆಯವಳಾಗಿ ಕ್ಯಾನು ಇಟ್ಟು ಬಂದಳು. ಒಲೆ ಹಚ್ಚಿ ತಿರುಗಿ ಹೋಗುವಷ್ಟರಲ್ಲಿ ಅದು ಸಾಲಿನ ಕಟ್ಟಕಡೆಗೆ ಹೋಗಿ ಕೂತಿತ್ತು. ಎಲ್ಲರದೂ ಮುಗಿದ ಮೇಲೆ ಹಾಲು ಹಾಕಿ ಮನೆಗೆ ಬಂದವಳು ಕ್ಯಾನನ್ನು ಕುಕ್ಕಿ ಒಂದೇ ಮಾತು ಕೇಳಿದಳು. "ನೆನ್ನೆ ಇದ್ನ ಎಲ್ ಮಡುಗ್ದೆ?"

ಹೇಳಿದೆ. ಹೇಳುತ್ತ ಹೇಳುತ್ತ ನಗು ಬಂತು, ನೋಟ್‌ಬುಕ್ಕಿಗೆ ಓಡಿದೆ.

"ನಾನು ಕಡೇಲಿ ನಿಂತು ಸಾಯ್ತಾವ್ನಿ, ನಿಂಗೆ ನಗಾಟವಾ? ಇನ್ನೂ ಎರ್ಡು ದಿನ ಅದೆ."

"ಎರಡು ದಿನ ಅಂತ ನಿಂಗೆಂಗೆ ಗೊತ್ತವ್ವ?"

"ಮೂರು ದಿನ ಅಲ್ವಾ ಲೆಕ್ಕ. ನಾನು ಮದ್ವೆಯಾಗಿ ಬಂದಾಗ್ಲಿಂದ ಅಂಗೇ ಅದೆ. ಪಂಚಾಯ್ತಿ ಮಾಜಿ ಮೆಂಬರ್ ಎಂಡ್ರು ಒಂದ್ಸಲ ಮುಂದ್ಕೆ ಮಡುಗಿದ್ಕೆ ಐದು ದಿನ ಇಂದ್ಕೆ ಆಕಿದ್ರು."

"ಅವರಿಗ್ಯಾಕೆ ಐದು?"

"ದೊಡ್ಮನೆಯೋಳು, ತಿಳ್ಕೊಂಡಿರ್ಬೇಕಾಗಿತ್ತು. ಅದಕ್ಕೆ."

ಮೇಷ್ಟ್ರ ಪ್ರಶ್ನೆಗೆ ಉತ್ತರ ನಮ್ಮ ಅಡಿಗೆಮನೆಯಲ್ಲಿ, ಕೈಗೆ ಹತ್ತಿದ ರಾಗಿಹಿಟ್ಟು ಒರೆಸಿಕೊಳ್ಳುತ್ತ ನಿಂತಿತ್ತು. ಗ್ರಂಥಾಲಯದಲ್ಲಿ ಧೂಳು ಕುಡಿದೆ, ಜಗಲಿಯಲ್ಲಿ ವಾರ ಕೂತೆ, ಪಕ್ಕದಲ್ಲೇ ಇದ್ದ ಅವ್ವನನ್ನು ಒಂದು ಮಾತು ಕೇಳಬೇಕೆಂದು ಹೊಳೆದಿರಲಿಲ್ಲ. ಇಷ್ಟು ಓದಿದವರು ಮಾತ್ರ ಮಾಡಬಹುದಾದ ದಡ್ಡತನ ಅದು.

ಮಾರನೆಯ ದಿನ ಅವ್ವ ನಿಂಗಮ್ಮಜ್ಜಿಯ ಹತ್ತಿರ ನನ್ನ ಪರವಾಗಿ ಮಾತಾಡಿ ನೋಡಿದಳಂತೆ: ಮಗಳು ಬೇಕೆಂದು ಮಾಡಿದ್ದಲ್ಲ, ಮೈಸೂರಿನ ಪರೀಕ್ಷೆಗಾಗಿ ಮಾಡಿದ್ದು, ಬಿಟ್ಟುಬಿಡಿ ಎಂದು. ಅಜ್ಜಿ ಎಲೆ ಅಡಿಕೆ ಅಗಿಯುತ್ತಲೇ, "ಪರೀಕ್ಸೆ ಆದ್ರೆ ಏನಂತೆ. ಮೂರು ಅಂದ್ರೆ ಮೂರು" ಎಂದರಂತೆ. ಅವ್ವ ಮೂರು ದಿನವನ್ನೂ ಪೂರೈಸಿದಳು. ನಾನು ಮಾಡಿದ ತಪ್ಪಿಗೆ ಸಾಲಿನ ಕಡೆಯಲ್ಲಿ ನಿಂತ ಅವ್ವನನ್ನು ನೋಡಿ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಅವಳ ಮೇಲೆ, ಆ ಸಾಲಿನ ಮೇಲೆ, ಸೊಪ್ಪು ಹಾಕದ ಆ ಮುದುಕಿಯ ಮೇಲೂ.

ಉತ್ತರ ಬರೆದುಕೊಂಡು ಹೋದೆ. ಮೇಷ್ಟ್ರು ಐದು ದಿನದ ಭಾಗವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇದು ಎಷ್ಟೋ ಸಂವಿಧಾನಗಳಲ್ಲಿ ಇಲ್ಲವಲ್ಲಮ್ಮ" ಎಂದರು. ಆಧಾರ ಯಾವುದು ಎಂದು ಕೇಳಿದರು. ನಮ್ಮವ್ವ ಸಾರ್ ಎಂದೆ. ಈ ಸಲ ಹಿಂದಿನ ಬೆಂಚಿನವರು ನಗಲಿಲ್ಲ. ಎರಡು ವರ್ಷಕ್ಕೆ ಸರಿಯಾಗಿ, ಅಪ್ಪನ ಕರಾರನ್ನು ಒಂದು ದಿನವೂ ಮೀರದಂತೆ, ಫಸ್ಟ್ ಕ್ಲಾಸಿನಲ್ಲಿ ಪಾಸಾದೆ.

ಫಲಿತಾಂಶ ಬಂದ ಮಾರನೆಯ ಬೆಳಗ್ಗೆ ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಮೈಸೂರುಪಾಕಿನ ಡಬ್ಬಿ ಹಿಡಿದು ಡೇರಿಗೆ ಹೋದೆ. ನಿಂಗಮ್ಮಜ್ಜಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ತಲೆ ಸವರಿದರು. "ಸ್ಯಾನೆ ಸಂತೋಸ ಆಯ್ತು ಕಣಮ್ಮಿ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಕ್ಯಾನು ನೋಡಿ, "ಇಸ್ಟೆಲ್ಲ ಓದಿದ್ದೀಯ. ಇನ್ ಮ್ಯಾಲೆ ನೀನು ಮುಂದ್ಕೆ ಮಡುಗಿದ್ರೆ ಐದು ದಿನ" ಎಂದರು.

ವಿಶ್ವವಿದ್ಯಾಲಯದ ಪದವಿ ಪತ್ರ ಬರುವುದು ಇನ್ನೂ ತಡವಿತ್ತು. ನನಗೇನೂ ಅವಸರ ಅನ್ನಿಸಲಿಲ್ಲ. ಸಾಲಿನ ಕಡೆಗೆ ಹೋಗಿ, ಒಂದು ಕಲ್ಲಿನ ಹಿಂದೆ, ನನ್ನ ಕ್ಯಾನು ಇಟ್ಟೆ.