ತಾನೇ ಹಿಡಿದುಕೊಳ್ಳುವ ಕ್ಲಚ್

ನಮ್ಮ ಅತ್ತಿಗೆಗೆ ಬೀದಿಯಲ್ಲೆಲ್ಲ ಸ್ಪಾನರಮ್ಮ ಅಂತಲೇ ಹೆಸರು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅಣ್ಣನನ್ನು ಕಟ್ಟಿಕೊಂಡು ಅತ್ತಿಗೆಯಾದಳೆಂದು ನಾನೇನೂ ಬಹುವಚನ ಕೊಡಲು ಹೋಗಿಲ್ಲ. ಮನೆಯ ಮುಂಭಾಗವೇ ಅವಳ ಗ್ಯಾರೇಜು. ಮಧ್ಯಾಹ್ನ ಗಾಜಿನ ಹೆಂಚಿನಿಂದ ಬಿಸಿಲು ಇಳಿದು ಟ್ರೇಯಲ್ಲಿನ ಎಣ್ಣೆ ಮೆಲ್ಲಗೆ ಹೊಳೆಯುತ್ತದೆ. ಅವಳು ಏನೋ ಗುನುಗುತ್ತಾ ನಟ್ಟು ಬಿಚ್ಚುತ್ತಾಳೆ. ಪಕ್ಕದಲ್ಲಿ ಕೂತರೆ ಸಾಕು, ಕಣ್ಣು ಎಳೆಯುತ್ತದೆ. ನನಗಂತೂ ದಿನಾ ಒಂದು ನಿದ್ದೆ ಅಲ್ಲೇ ಆಗುತ್ತದೆ.

ಅಣ್ಣನದು ಕಲ್ಲು, ಹಳ್ಳ, ಗುಡ್ಡ ಯಾವುದನ್ನೂ ಬಿಡದ ಎತ್ತರದ ಬೈಕು. ಹೋದ ವರ್ಷ ಬಿದ್ದು ಎಡಗೈ ನರಕ್ಕೆ ಪೆಟ್ಟಾಯಿತು. ಹ್ಯಾಂಡಲ್ ಹಿಡಿಯಬಲ್ಲ, ಕ್ಲಚ್ ಒತ್ತುವಷ್ಟು ಕಸುವಿಲ್ಲ. "ಮಾರಿಬಿಡು ಅದನ್ನ" ಅಂದ. ಆಮೇಲೆ ಬೈಕಿಗೆ ಹೊದಿಕೆ, ಅವನ ಬಾಯಿಗೆ ಬೀಗ.

"ಮಾರೇ ಅತ್ಲಾಗೆ. ಕಣ್ಣೆದುರಿಗಿದ್ದಷ್ಟೂ ಸಂಕಟ" ಎಂದು ನಾನೂ ರೇಗಿದೆ.

"ಬಾಯಲ್ಲಿ ಹಾಗಂತಾರೆ ಕಣೇ. ನಿದ್ದೇಲಿ ಎಡಗಾಲಲ್ಲಿ ಗೇರ್ ಹಾಕ್ತಾನೇ ಇರ್ತಾರೆ. ನೋಡಿಲ್ಲಿ, ಒದ್ದು ಒದ್ದು ನನ್ನ ಕಾಲು ನೀಲಿ."

ನೋಡಿದೆ. ನಿಜಕ್ಕೂ ನೀಲಿಗಟ್ಟಿತ್ತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಅಣ್ಣನಿಗೆ ಒಂದು ಮಾತೂ ಹೇಳದೆ ಅವಳು ಆಟೋಮ್ಯಾಟಿಕ್ ಕ್ಲಚ್ ತರಿಸಿ ಬೈಕಿಗೆ ಕೂರಿಸಿದಳು. "ಚಿಕ್ಕವರಿದ್ದಾಗ ಗಿರಗಿರ ತಿರುಗಿದ್ರೆ ಲಂಗ ಅರಳ್ತಿತ್ತಲ್ಲ, ಹಾಗೇ ಇದು. ಎಂಜಿನ್ ಜೋರಾದ್ರೆ ಅರಳಿ ತಾನೇ ಹಿಡ್ಕೊಳ್ಳತ್ತೆ. ನಿಧಾನ ಆದ್ರೆ ತಾನೇ ಬಿಡತ್ತೆ. ಎಡಗೈಗೆ ಕೆಲಸಾನೇ ಇಲ್ಲ."

ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ರಬ್ಬರ್ ಬ್ಯಾಂಡ್ ಸಾಕಂತೆ. ಕ್ಲಚ್ ಲಿವರನ್ನೂ ಹ್ಯಾಂಡಲನ್ನೂ ಸೇರಿಸಿ ಸುತ್ತಬೇಕು. ಎಂಜಿನ್ ಜೋರಾದಾಗ ಲಿವರ್ ತಾನಾಗಿ ಒಂಚೂರು ಒಳಗೆ ಸರಿದರೆ ಅಳತೆ ಸರಿ. ಅತ್ತಿಗೆ ತನ್ನ ಜಡೆಯದನ್ನೇ ಎಳೆದು ಸುತ್ತಿದಳು. ಕೂದಲು ಬೆನ್ನ ಮೇಲೆ ಹರಡಿತು. ಬೈಕು ಗುಡುಗಿತು. ಲಿವರ್ ಜಪ್ಪಯ್ಯ ಅನ್ನಲಿಲ್ಲ.

ಸ್ಕ್ರೂ ಒಂದಿಷ್ಟು ತಿರುಗಿಸಿದಳು. ಅಷ್ಟರಲ್ಲಿ ಸದ್ದು ಕೇಳಿ ಅಣ್ಣ ಬಾಗಿಲಿಗೆ ಬಂದ. "ಯಾರೇ ಮುಟ್ಟು ಅಂದಿದ್ದು?"

"ಬೈಯೋದಾದ್ರೆ ಮೇಲೆ ಕೂತ್ಕೊಂಡು ಬೈರಿ" ಅಂದಳು ಅತ್ತಿಗೆ.

ಕೂತ. ಹಳೇ ಅಭ್ಯಾಸ, ಬೆರಳು ನೇರ ಕ್ಲಚ್ಚಿಗೇ ಹೋದವು, ಒತ್ತಲಾಗಲಿಲ್ಲ. ಅವನ ಮುಖ ಬಾಡಿತು.

"ಅದನ್ನ ಮುಟ್ಬೇಡಿ. ಬಲಗೈ ಮಾತ್ರ ತಿರುಗಿಸಿ."

ತಿರುಗಿಸಿದ. ಧೂಳು ತೇಲುವ ಆ ಬಿಸಿಲಿನಲ್ಲಿ ಲಿವರ್ ಮೆಲ್ಲಗೆ, ನಿದ್ದೆಯಲ್ಲಿ ಮಗ್ಗುಲಾದಂತೆ, ಅವನ ಬೆರಳ ಕಡೆ ಸರಿಯಿತು. ಅಣ್ಣ ಕಣ್ಣು ಮಿಟುಕಿಸದೆ ನೋಡಿದ. "ಯಾರೇ ಎಳೆದಿದ್ದು ಇದನ್ನ?"

"ನನ್ನ ಜಡೆ ರಬ್ಬರು."

ಅವನು ಮನೆ ಹಿಂದಿನ ಗುಡ್ಡದ ಕಡೆ ಹೊರಟೇಬಿಟ್ಟ. ಸದ್ದು ಹತ್ತುತ್ತಾ ಹೋಗಿ, ತೆಳ್ಳಗಾಗಿ, ತುದಿಯಲ್ಲಿ ನಿಂತಿತು. ಅತ್ತಿಗೆ ಸ್ಪಾನರ್ ಹಿಡಿದೇ ನಿಂತಿದ್ದಳು. ಆಮೇಲೆ ಏನೋ ಧಡಾರನೆ ಬಿತ್ತು.

"ಅಯ್ಯೋ, ಅದೊಂದು ಹೇಳೋದೇ ಮರ್ತೆ!" ಎಂದು ತಲೆ ಚಚ್ಚಿಕೊಂಡಳು. ಎಂಜಿನ್ ನಿಲ್ಲಿಸಿದರೆ ಈ ಕ್ಲಚ್ ಹಿಡಿತ ಬಿಟ್ಟುಬಿಡುತ್ತದೆ, ಗೇರಿನಲ್ಲಿದ್ದರೂ ಇಳಿಜಾರಿನಲ್ಲಿ ಬೈಕು ನಿಲ್ಲದು. ಇವನೋ, ಎಂದಿನ ಹಾಗೆ ಬೈಕನ್ನು ಗೇರಿನಲ್ಲಿ ನಿಲ್ಲಿಸಿ ಇಳಿದಿದ್ದ. ಅದು ಉರುಳಿ ಪೊದೆ ಸೇರಿತ್ತು.

"ಏ ಸ್ಪಾನರಮ್ಮಾ! ಇದು ನಿಲ್ಲಲ್ಲ ಅಂತ ಮೊದಲೇ ಬೊಗಳೋಕೇನಾಗಿತ್ತೇ?" ಬೈಯುತ್ತಾ, ನಗುತ್ತಾ, ಮೈಯೆಲ್ಲ ಮಣ್ಣು ಮಾಡಿಕೊಂಡು ಅಣ್ಣ ಬೈಕು ಇಳಿಸಿಕೊಂಡು ಬಂದ. ಬೀದಿಗೆಲ್ಲ ಅವನದೇ ದನಿ. ಎಷ್ಟು ಕಾಲವಾಗಿತ್ತೋ ಅದನ್ನು ಕೇಳಿ! ಇಂಥ ಬೈಗುಳ ದಿನಾ ಬೀಳಲಿ ಅನ್ನಿಸಿತು ನನಗೆ.

ಮರುದಿನ ಬೆಳಿಗ್ಗೆ ಅತ್ತಿಗೆಯ ಕಣ್ಣು ಕೆಂಪಗಿತ್ತು.

"ಏನೇ, ಮತ್ತೆ ಒದ್ನಾ?"

"ಒಂದೂ ಇಲ್ಲ. ಮಗು ಹಾಗೆ ಮಲಗಿದ್ರು."

"ಮತ್ಯಾಕೆ ಹೀಗಿದೀಯ?"

"ಈಗ ಒದೀತಾರೆ, ಈಗ ಒದೀತಾರೆ ಅಂತ ಕಾದು ಕಾದು, ನಂಗೇ ನಿದ್ದೆ ಬರಲಿಲ್ಲ ಕಣೇ."