ಸವೇತಾಳ ಕಾರಿನ ದೊರೆಸಾನಿ

ರೊಮೇನಿಯಾದ ಮರಮುರೇಶ್ ಸೀಮೆಯಲ್ಲಿ ಮದುವೆ ಅಂದರೆ ಮೊದಲು ಗೊತ್ತುಮಾಡುವುದು ಪಾದ್ರಿಯನ್ನಲ್ಲ, ಅಡುಗೆಯವಳನ್ನು. ಬ್ರಾದೆಟ್ ಊರಿನ ಸವೇತಾಳ ಕೈ ಯಾವ ಶನಿವಾರ ಖಾಲಿ ಇದೆ ಅಂತ ಕೇಳಿಕೊಂಡು, ಆಮೇಲೆ ದಿನ ಗೊತ್ತುಮಾಡುವವರೇ ಹೆಚ್ಚು. ಹುಳಿ ಬಂದ ಎಲೆಕೋಸಿನ ಎಲೆಯಲ್ಲಿ ಅಕ್ಕಿ, ಮಾಂಸ ಇಟ್ಟು ಅವಳು ಸುತ್ತುವ ಸರ್ಮಾಲೆ ಹೆಬ್ಬೆರಳಿಗಿಂತ ದಪ್ಪ ಇರುತ್ತಿರಲಿಲ್ಲ, ಎಷ್ಟು ಕುದಿಸಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ.

ಕೈಗುಣಕ್ಕೆ ಇಷ್ಟು ಹೆಸರಿದ್ದರೂ ಐವತ್ತು ದಾಟುವವರೆಗೆ ಅವಳು ಮದುವೆಗಳಿಗೆ ಹೋಗಿದ್ದು ಸಾಮಾನಿನ ಹಾಗೆ. ಯಾರದೋ ಹುಲ್ಲಿನ ಗಾಡಿ, ಯಾರದೋ ಹಾಲಿನ ಲಾರಿ, ಪಾತ್ರೆಗಳ ನಡುವೆ ಇನ್ನೊಂದು ಪಾತ್ರೆಯ ಹಾಗೆ ಕೂತು ಹೋಗುವುದು. ಮದುವೆ ಮುಗಿದ ಮೇಲೆ, ಕುಡಿದು ಮಲಗಿದ ಗಾಡಿಯವನಿಗೆ ಎಚ್ಚರವಾಗುವವರೆಗೆ ಅವರ ಜಗಲಿಯಲ್ಲಿ ತೂಕಡಿಸುವುದು. ಯಾರಾದರೂ ಬಂದು ಕರೆದೊಯ್ಯುವಷ್ಟು ದೂರಕ್ಕೇ ಅವಳ ಹೆಸರೂ ಹೋಗುತ್ತಿತ್ತು.

ಒಂದು ಚಳಿಗಾಲದಲ್ಲಿ, ಮದುವೆಗಳಿಲ್ಲದ ಉಪವಾಸದ ವಾರಗಳಲ್ಲಿ, ಸವೇತಾ ಯಾರಿಗೂ ಹೇಳದೆ ಪೇಟೆಗೆ ಹೋಗಿ ಕಾರು ಓಡಿಸುವುದನ್ನು ಕಲಿತಳು. ಈಸ್ಟರ್‌ಗೆ ಜರ್ಮನಿಯಿಂದ ಬಂದ ಅಕ್ಕನ ಮಗ ತನ್ನ ಹಳೇ ನೀಲಿ ಕಾರನ್ನು ಅವಳಿಗೇ ಮಾರಿ, ತಾನು ಬಸ್ಸಿನಲ್ಲಿ ವಾಪಸ್ಸು ಹೋದ. ಹಿಂದಿನ ಸೀಟಿನಲ್ಲಿ ಮೂರು ದೊಡ್ಡ ಪಾತ್ರೆ ಹಿಡಿಯುವ ಕಾರು. ಸವೇತಾ ಪಾತ್ರೆಗಳಿಗೂ ಸೀಟ್ ಬೆಲ್ಟ್ ಕಟ್ಟುತ್ತಿದ್ದಳು.

ಆ ಕಾರಿನೊಳಗೆ ಒಬ್ಬಳು ದೊರೆಸಾನಿ ಇದ್ದಳು. ಡ್ಯಾಶ್‌ಬೋರ್ಡಿನ ನಡುವೆ ಕೂಡಿಸಿದ್ದ, ದಾರಿ ತೋರಿಸುವ ಪರದೆಯೊಳಗಿನ ಹೆಂಗಸಿನ ದನಿ. ಅವಳು ಮೊದಮೊದಲು ಜರ್ಮನ್ ಭಾಷೆಯಲ್ಲೇ ಗದರುತ್ತಿದ್ದಳು, ಸವೇತಾ ತನ್ನ ಭಾಷೆಯಲ್ಲೇ ತಿರುಗಿ ಬೈಯುತ್ತಿದ್ದಳು. ಇಬ್ಬರೂ ಹೀಗೆ ಒಂದು ತಿಂಗಳು ಜಗಳವಾಡಿಕೊಂಡು ಓಡಾಡಿದರು. ಆಮೇಲೆ ಒಂದು ದಿನ ಸವೇತಾ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು, ಗೊತ್ತಿಲ್ಲದ ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸುವ ಹಾಗೆ, ಪರದೆಯ ಒಂದೊಂದೇ ಗುಂಡಿ ಒತ್ತುತ್ತಾ ಹೋದಳು. ಎಲ್ಲೋ ಒಂದು ಕಡೆ ಸಣ್ಣ ಸಣ್ಣ ಬಾವುಟಗಳ ಸಾಲು ಕಂಡಿತು. ತಮ್ಮ ದೇಶದ ನೀಲಿ, ಹಳದಿ, ಕೆಂಪು ಬಾವುಟದ ಮೇಲೆ ಬೆರಳಿಟ್ಟಳು.

"ದಯವಿಟ್ಟು ಬಲಕ್ಕೆ ತಿರುಗಿ," ಅಂದಳು ದೊರೆಸಾನಿ, ಅಪ್ಪಟ ರೊಮೇನಿಯನ್‌ನಲ್ಲಿ.

ಬಲಕ್ಕೆ ಕೋಳಿಗೂಡಿತ್ತು. ಆದರೂ ಸವೇತಾ ಸ್ಟೇರಿಂಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಕ್ಕ ನಗೆ ಪಕ್ಕದ ಮನೆಗೂ ಕೇಳಿತಂತೆ.

ಆ ಸಂಜೆಯೇ ಅತ್ತೆ ಪಾರಾಸ್ಕಿವಾ ಕಾರಿನ ಹತ್ತಿರ ಬಂದಳು. ಎಂಬತ್ತರ ಹತ್ತಿರದ ಮುದುಕಿ, ಮಾತು ಕಡಿಮೆ. ಮೇಲಂಗಿಯೊಳಗಿಂದ ಅಂಗೈಗಿಂತ ದೊಡ್ಡದೊಂದು ಪಟ ತೆಗೆದಳು. ಸಂತ ನಿಕೊಲಾಯ್, ಮುಖ ಮತ್ತು ಕೈ ಬಿಟ್ಟು ಮಿಕ್ಕಿದ್ದೆಲ್ಲ ಬೆಳ್ಳಿಬಣ್ಣದ ತಗಡು. ಮಠಕ್ಕೆ ಯಾತ್ರೆ ಹೋಗಿ, ಬಿಸಿಲಲ್ಲಿ ಸಾಲು ನಿಂತು ತಂದಿದ್ದು.

"ಒಬ್ಬಳೇ ಓಡಾಡ್ತೀಯ. ಜೊತೆಗೊಬ್ಬರು ಇರ್ಲಿ," ಅಂದು, ಡ್ಯಾಶ್‌ಬೋರ್ಡಿನ ಮೇಲೆ ನಟ್ಟನಡುವೆ ಅಂಟು ಪಟ್ಟಿ ಹಚ್ಚಿ ತಾನೇ ಒತ್ತಿ ಕೂರಿಸಿದಳು. ಮರುದಿನ ಪಾದ್ರಿ ಬಂದು ಅಲ್ಲಿಯ ಪದ್ಧತಿಯಂತೆ ತುಳಸಿ ಕಟ್ಟಿನಿಂದ ಕಾರಿಗೆಲ್ಲ ಮಂತ್ರಿಸಿದ ನೀರು ಚಿಮುಕಿಸಿ ಹೋದರು.

ಸವೇತಾ ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ. ಅತ್ತೆ ಅವಳ ಕೈಗೆ ಅಂತ ಕೊಟ್ಟ ಮೊದಲ ಉಡುಗೊರೆ ಅದು.

ಅಲ್ಲಿಂದಾಚೆ ದೊರೆಸಾನಿಗೆ ಏನೋ ಆಯಿತು. ಪರದೆಯ ಮೇಲಿನ ಪುಟ್ಟ ಕಾರು ರಸ್ತೆ ಬಿಟ್ಟು ಹೊಲದಲ್ಲಿ ಓಡತೊಡಗಿತು. ಚರ್ಚಿನ ಮುಂದೆ ನಿಂತರೆ ಹೊಳೆಯಲ್ಲಿ ನಿಂತಿದ್ದೀಯ ಅಂತ ಪರದೆ ತೋರಿಸುತ್ತಿತ್ತು. ಜೂನ್‌ನಲ್ಲಿ ಆಚೆ ಕಣಿವೆಯ ಒಂದು ಮದುವೆಗೆ ಹೊರಟವಳನ್ನು ದೊರೆಸಾನಿ ಸುತ್ತಾಡಿಸಿ ಸುತ್ತಾಡಿಸಿ ಒಂದು ಮರ ಕೊಯ್ಯುವ ಮಿಲ್ಲಿನೊಳಗೆ ತಂದು ನಿಲ್ಲಿಸಿ "ನೀವು ತಲುಪಿದ್ದೀರಿ" ಅಂದಳು. ಸವೇತಾ ಮದುವೆಮನೆ ಸೇರುವಷ್ಟರಲ್ಲಿ ನೆಂಟರು ಬರಿ ಬ್ರೆಡ್ಡು ಕಡಿದು, ಖಾಲಿ ಹೊಟ್ಟೆಗೆ ಪ್ಲಮ್ ಸಾರಾಯಿ ಇಳಿಸಿ, ಅರ್ಧ ಜನ ಮೇಜಿನ ಕೆಳಗಿದ್ದರು.

ಗಂಡ ಗ್ರಿಗೋರೆ ಕೆಟ್ಟವನಲ್ಲ, ಆದರೆ ಊರಿನ ನಗೆ ತಾಳಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

"ನೋಡೇ, ಸಿಗೆತ್ ಪೇಟೆಯವನೊಬ್ಬ ಕಾರು ಕೇಳ್ತಿದಾನೆ," ಅಂದ. "ಬೆಟ್ಟದಾಚೆ ಇಜ್ವೋರಲ್ಲಿ ವೊಯ್ಕಾ ಮದುವೆ ಇದೆಯಲ್ಲ, ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಿ ಸೇರು. ಸೇರಿದ್ರೆ ನಾನು ಬಾಯಿ ಬಿಡಲ್ಲ. ಇಲ್ಲಾಂದ್ರೆ ಸೋಮವಾರ ಕಾರು ಸಿಗೆತ್‌ಗೆ, ನೀನು ಹಾಲಿನ ಲಾರಿಗೆ."

"ಕಾರು ನಂದು ಕಣ್ರೀ."

"ಕಾರು ನಿಂದೇ. ಜನ ನಗೋದು ಮಾತ್ರ ನನ್ನ ನೋಡಿ."

ವೊಯ್ಕಾ ಅಂದರೆ, ಚರ್ಚಿನಲ್ಲಿ ದೀಕ್ಷಾಸ್ನಾನದ ನೀರಿನಿಂದ ಸವೇತಾಳೇ ಎತ್ತಿಕೊಂಡ ಧರ್ಮಪುತ್ರಿ. ಅವಳ ಮದುವೆಯಲ್ಲಿ ಸರ್ಮಾಲೆ ಮಧ್ಯಾಹ್ನಕ್ಕೆ ಒಲೆ ಏರದಿದ್ದರೆ ಸಂಜೆ ಊಟಕ್ಕೆ ಬೇಯುವುದಿಲ್ಲ. ಸವೇತಾ "ಆಗ್ಲಿ" ಅಂದಳು.

ಮಾರನೇ ದಿನವೇ ಊರಿನ ಮೆಕ್ಯಾನಿಕ್ ಲಾಜರ್‌ನ ಶೆಡ್ಡಿಗೆ ಹೋದಳು.

"ಏನಕ್ಕಾ, ದೊರೆಸಾನಿ ಮತ್ತೆ ಸ್ನಾನಕ್ಕೆ ಹೊಳೆಗಿಳಿದ್ಳಾ?" ಅಂದ ಅವನು.

"ನಗಬೇಡ ಕಣೋ. ನನ್ನ ಬದುಕೇ ನಿನ್ನ ಕೈಲಿದೆ."

ಲಾಜರ್ ನಕ್ಕೊಂಡೇ ಕೆಲಸಕ್ಕೆ ಕೂತ. ಒಳಗಿದ್ದ ನಕ್ಷೆ ಹಳೆಯದು, ಹೊಸ ನಕ್ಷೆ ತುಂಬಿದ ಕಾರ್ಡು ಹಾಕಿಕೊಟ್ಟ. ಮರ ಸಾಗಿಸುವವರು ಕಾಡಿನಲ್ಲಿ ಕಡಿದ ಹೊಸ ದಾರಿಗಳೆಲ್ಲ ಗೆರೆ ಗೆರೆಯಾಗಿ ಮೂಡಿದವು. "ಮಣ್ಣಿನ ದಾರಿ ಬೇಡ" ಅನ್ನುವ ಕಡೆ ಯಾರೋ ಗುರುತು ಹಾಕಿದ್ದರು, ಅದನ್ನು ತೆಗೆಸಿದ.

"ಜರ್ಮನಿಲಿ ಸರಿ. ಇಲ್ಲಿ ಮಣ್ಣು ಬೇಡ ಅಂದ್ರೆ ಮನೆಯಿಂದ ಆಚೆಗೇ ಬರೋ ಹಾಗಿಲ್ಲ. ಈಗ ನೋಡು."

ಇಜ್ವೋರಿಗೆ ಬೆಟ್ಟ ಬಳಸಿ ಹೋಗುತ್ತಿದ್ದ ಉದ್ದ ಗೆರೆ ಮಾಯವಾಗಿ, ಬೆಟ್ಟದ ಮೇಲೇ ಹತ್ತಿ ಇಳಿಯುವ ಗಿಡ್ಡ ಗೆರೆ ಬಂತು. ಆ ವಾರ ದೊಡ್ಡ ರಸ್ತೆಯ ಸೇತುವೆ ರಿಪೇರಿಗೆ ಮುಚ್ಚಿತ್ತು. ಕಾರಿಗೆ ಇದ್ದದ್ದು ಇದೊಂದೇ ದಾರಿ.

"ಇನ್ನೊಂದಿದೆ," ಅಂದ ಲಾಜರ್. "ಇವಳು ಆಕಾಶದ ಸ್ಯಾಟಲೈಟ್‌ಗಳ ಮಾತು ಕೇಳ್ಕೊಂಡು ಎಲ್ಲಿದೀನಿ ಅಂತ ತಿಳ್ಕೊಳ್ಳೋದು. ಕೇಳಿಸದೇ ಹೋದ್ರೆ ಚಕ್ರ ಎಷ್ಟು ಉರುಳ್ತು ಅಂತ ಅಂದಾಜು ಮೇಲೆ ಹೋಗ್ತಾಳೆ, ಕುರುಡಿ ಗೋಡೆ ಸವರ್ಕೊಂಡು ಹೋದ ಹಾಗೆ. ಎಷ್ಟು ಸ್ಯಾಟಲೈಟ್ ಕೇಳಿಸ್ತಿದೆ ಅಂತ ಈ ಪುಟದಲ್ಲಿ ತೋರಿಸುತ್ತೆ. ನಾಲ್ಕಕ್ಕಿಂತ ಜಾಸ್ತಿ ಇರ್ಬೇಕು. ಇಲ್ಲಿ ಎರಡಿದೆ. ನನ್ನ ತಗಡಿನ ಶೆಡ್ಡು ಅಡ್ಡ ಇರ್ಬೋದು, ಬಯಲಿಗೆ ಹೋಗಿ ನೋಡು. ಆಂಟೆನಾ ಡ್ಯಾಶ್‌ಬೋರ್ಡ್ ಒಳಗೇ ಇರುತ್ತೆ. ಆಕಾಶಕ್ಕೂ ಅದಕ್ಕೂ ನಡುವೆ ಕಬ್ಬಿಣ, ತಗಡು ಏನೂ ಬರಬಾರ್ದು."

ಸವೇತಾ ಹುಲ್ಲು ಕೊಯ್ದು ಬೋಳಾಗಿದ್ದ ಬಯಲಿಗೆ ಕಾರು ಒಯ್ದಳು. ಮೇಲೆ ಅಷ್ಟಗಲ ಆಕಾಶ, ಒಂದು ಮೋಡವಿಲ್ಲ. ಪರದೆಯಲ್ಲಿ ಎರಡು. ಸಾರಿಗೆ ಉಪ್ಪು ಹೆಚ್ಚೋ ಹುಳಿ ಹೆಚ್ಚೋ ಅಂತ ಹುಡುಕುವಾಗ ಅವಳು ಒಂದು ಸಲಕ್ಕೆ ಒಂದನ್ನೇ ಬದಲಿಸುವವಳು. ಹಾಗೇ ಪಾತ್ರೆ ಇಳಿಸಿದಳು, ನೋಡಿದಳು. ಎರಡು. ಜಾಲರಿ, ಸೌಟು, ಕತ್ತಿ ಇಳಿಸಿದಳು. ಎರಡು. ಕನ್ನಡಿಗೆ ಕಟ್ಟಿದ ಬೆಳ್ಳುಳ್ಳಿ ಗೊಂಚಲನ್ನೂ ಬಿಚ್ಚಿದಳು. ಎರಡೇ.

ಇನ್ನು ಉಳಿದಿದ್ದು ಒಂದು. ಸಂತ ನಿಕೊಲಾಯ್ ತಗಡಿನ ಅಂಗಿ ತೊಟ್ಟು, ಡ್ಯಾಶ್‌ಬೋರ್ಡಿನ ನಟ್ಟನಡುವೆ ಕೂತು ಅವಳನ್ನೇ ನೋಡುತ್ತಿದ್ದ.

ಸವೇತಾಳ ಕೈ ಅರ್ಧಕ್ಕೆ ಹೋಗಿ ನಿಂತಿತು. ಕಿತ್ತರೆ ಅತ್ತೆಗೆ ಏನು ಹೇಳುವುದು? ನೀವು ಕೊಟ್ಟಿದ್ದೇ ನನ್ನ ದಾರಿ ತಪ್ಪಿಸಿದ್ದು ಅನ್ನುವುದೇ? ಶಿಲುಬೆ ಗುರುತು ಮಾಡಿಕೊಂಡು ಪಾತ್ರೆಗಳನ್ನು ಮತ್ತೆ ಏರಿಸಿದಳು. ಲಾಜರ್ ಕೇಳಿದ್ದಕ್ಕೆ "ಎಲ್ಲ ಸರಿಯಾಯ್ತು ಕಣೋ" ಅಂದುಬಿಟ್ಟಳು.

ಶನಿವಾರ ಬಂತು. ಗ್ರಿಗೋರೆ ಬೆಂಚು, ಒಲೆ, ಸೌದೆ ಹೇರಿಕೊಂಡು ಹಿಂದಿನ ದಿನವೇ, ಕಾರು ಹೋಗಲಾರದ ಹೊಳೆದಂಡೆಯ ಗಾಡಿದಾರಿಯಲ್ಲಿ ಕುದುರೆಗಾಡಿ ಹೊಡೆದುಕೊಂಡು ಹೋಗಿದ್ದ. ಸವೇತಾ ಪಾತ್ರೆಗಳಿಗೆ ಬೆಲ್ಟು ಬಿಗಿದು ಹೊರಡುವಷ್ಟರಲ್ಲಿ, ಹೂವಿನ ತಲೆವಸ್ತ್ರ ಕಟ್ಟಿಕೊಂಡು ಪಾರಾಸ್ಕಿವಾ ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಅತ್ತೆ, ನೀವು ನಿನ್ನೆ ಗಾಡಿಲೇ ಹೋಗ್ಬೋದಿತ್ತಲ್ಲ?"

"ನಾನು ನಿನ್ನ ಕಾರು ಹತ್ತಿಲ್ಲ ಇನ್ನೂ. ಸೋಮವಾರದ ಮೇಲೆ ಇರುತ್ತೋ ಇಲ್ವೋ."

ಬೆಟ್ಟ ಹತ್ತುವಾಗ ದೊರೆಸಾನಿ ಹೇಗೋ ದಾರಿ ಹೇಳಿದಳು, ಅಲ್ಲಿ ಕವಲುಗಳಿರಲಿಲ್ಲ. ನೆತ್ತಿಯ ಹತ್ತಿರ ಮರ ಕಡಿದು ಬಯಲಾದ ಜಾಗ ಬಂತು. ಅಲ್ಲಿ ದಾರಿ ಮೂರಾಗಿ ಒಡೆದಿತ್ತು. ಮೂರೂ ಒಂದೇ ಥರ, ಮೂರರ ಮೇಲೂ ಲಾರಿ ಚಕ್ರದ ಗುರುತು. ಪರದೆಯ ಪುಟ್ಟ ಕಾರು ಮಾತ್ರ ಎಲ್ಲೋ ಕೆಳಗೆ ನೀಲಿ ಗೆರೆಯ ಮೇಲೆ ನಿಂತಿತ್ತು.

"ಏನಂತಾಳೆ?" ಅಂದಳು ಅತ್ತೆ.

"ಹೊಳೆ ಒಳಗಿದೀವಂತೆ."

ಪಾರಾಸ್ಕಿವಾ ಕಾಲು ಎತ್ತಿ ಕೆಳಗೆ ನೋಡಿದಳು. "ಒಣಗಿದೆಯಲ್ಲ."

ಸವೇತಾಗೆ ನಗು ಬರಲಿಲ್ಲ. ಬಿಸಿಲು ಏರುತ್ತಿತ್ತು. ತಪ್ಪು ಕವಲು ಹಿಡಿದರೆ ಲಾರಿದಾರಿ ಎಲ್ಲಿಗೆ ಒಯ್ಯುತ್ತದೋ, ತಿರುಗಿಸಲು ಜಾಗವೂ ಇರುವುದಿಲ್ಲ. ಬೆಟ್ಟದಾಚೆ ಒಲೆ ಉರಿಯುತ್ತಿರುತ್ತದೆ, ಪಕ್ಕದಲ್ಲಿ ಗ್ರಿಗೋರೆ ದಾರಿ ನೋಡುತ್ತಿರುತ್ತಾನೆ. ಅವಳ ಕಣ್ಣು ಸಂತನ ಮೇಲೆ ಹೋಯಿತು, ಅತ್ತೆಯ ಮೇಲೆ ಹೋಯಿತು, ಮತ್ತೆ ಸಂತನ ಮೇಲೆ.

"ಏನದು, ಹೇಳು," ಅಂದಳು ಪಾರಾಸ್ಕಿವಾ. "ಉಪ್ಪು ಮರೆತವಳ ಥರ ಕೂತಿದೀಯ."

"ಅತ್ತೆ... ಈ ಯಂತ್ರಕ್ಕೆ ಆಕಾಶ ಕಾಣ್ಬೇಕಂತೆ. ಅದರ ಕಿವಿ ಇರೋದು ಸರಿಯಾಗಿ ಈ ಪಟದ ಕೆಳಗೆ. ತಗಡು ಅಡ್ಡ ಬಂದಿದೆ."

"ಯಾವಾಗಿಂದ ಗೊತ್ತು ನಿಂಗೆ?"

"ಬುಧವಾರದಿಂದ."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀವು ಕೊಟ್ಟಿದ್ದಲ್ವಾ."

ಮುದುಕಿ ಮುಂದಕ್ಕೆ ಬಾಗಿ, ಎರಡೂ ಕೈಯ ಉಗುರು ಪಟದ ಕೆಳಗೆ ತೂರಿಸಿ ಎಳೆದಳು. ಅಂಟು ಪಟ್ಟಿ ಚರ್ರನೆ ಕಿತ್ತುಬಂತು.

"ಹುಚ್ಚಿ ಕಣೇ ನೀನು. ನೀನು ಹೋಗಿ ಸೇರ್ಲಿ ಅಂತ ಕೊಟ್ಟೆ ನಾನು, ದಾರೀಲಿ ನಿಂತ್ಕೊಳ್ಳಲಿ ಅಂತ ಅಲ್ಲ." ಪಟಕ್ಕೆ ಮುತ್ತಿಟ್ಟು ಮಡಿಲಲ್ಲಿ ಮಲಗಿಸಿಕೊಂಡಳು. "ಇವನೂ ಹಡಗಿನವರ ಜೊತೆ ಓಡಾಡಿದ ಸಂತ. ಇವನಿಗೆ ಬೇಜಾರಿಲ್ಲ."

ಸವೇತಾ ಸ್ಯಾಟಲೈಟ್ ಎಣಿಸುವ ಪುಟ ತೆರೆದಳು, ಇಬ್ಬರೂ ಪರದೆ ನೋಡಿದರು. ಎರಡು. ಎರಡು. ಮೂರು.

"ಮೂರಾಯ್ತು ಅತ್ತೆ."

"ಕಾಣ್ತದೆ ನಂಗೂ. ಸುಮ್ನಿರು, ಹೆದರಿಸಬೇಡ ಅದನ್ನ."

ಐದು. ಏಳು. ಒಂಬತ್ತು. ಸವೇತಾ ನಕ್ಷೆಗೆ ಮರಳಿದಳು. ಹೊಳೆಯಲ್ಲಿ ನಿಂತಿದ್ದ ಪುಟ್ಟ ಕಾರು ಒಮ್ಮೆ ನಡುಗಿ, ಮೀನು ನೆಗೆದ ಹಾಗೆ ನೀಲಿ ಗೆರೆಯಿಂದ ನೆಗೆದು ಬೆಟ್ಟದ ನೆತ್ತಿಯ ಮೇಲೆ, ಮೂರು ಕವಲಿನ ಬಾಯಿಗೆ ಸರಿಯಾಗಿ ಬಂದು ಕೂತಿತು. ದೊರೆಸಾನಿ ಗಂಟಲು ತೆರೆದಳು: "ನಡುವಿನ ದಾರಿಯಲ್ಲಿ ಸಾಗಿ."

ಸವೇತಾ ಗೇರ್ ಹಾಕಿದಳೋ, ಕಾರೇ ಹಾಕಿಕೊಂಡಿತೋ. ಇಳಿಜಾರಿನಲ್ಲಿ ನೀಲಿ ಕಾರು ಕುಣಿಯುತ್ತಾ ಇಳಿಯಿತು, ಹಿಂದೆ ಪಾತ್ರೆಗಳ ಮುಚ್ಚಳ ತಾಳ ಹಾಕಿದವು. ದೊರೆಸಾನಿ ಎಡಕ್ಕೆ ಅಂದರೆ ಎಡಕ್ಕೆ ದಾರಿ ಇತ್ತು, ಬಲಕ್ಕೆ ಅಂದರೆ ಬಲಕ್ಕಿತ್ತು. ಒಂದೊಂದು ತಿರುವು ನಿಜವಾದಾಗಲೂ ಪಾರಾಸ್ಕಿವಾ ತೊಡೆ ತಟ್ಟಿಕೊಂಡು "ಹೇಳಿದ ಹಾಗೇ ಇದೆ ಕಣೇ, ಹೇಳಿದ ಹಾಗೇ ಇದೆ" ಅನ್ನುತ್ತಿದ್ದಳು. ಕೊನೆಯ ತಿರುವಿನಲ್ಲಿ ಇಜ್ವೋರಿನ ಚರ್ಚಿನ ಮರದ ಗೋಪುರ ಕಂಡಿತು. ಅದರ ಗಂಟೆ ಇನ್ನೂ ಹನ್ನೆರಡು ಹೊಡೆದಿರಲಿಲ್ಲ.

ಮದುವೆಮನೆ ಹೆಬ್ಬಾಗಿಲಲ್ಲಿ ಗ್ರಿಗೋರೆ ಸಾರಾಯಿ ಶೀಸೆ ಹಿಡಿದು ನಿಂತಿದ್ದ. ಒಲೆ ನಿಗಿನಿಗಿ ಉರಿಯುತ್ತಿತ್ತು. ಕಾರು ಕಂಡು ಅವನು ಬಾಯಿ ತೆರೆಯುವಷ್ಟರಲ್ಲಿ ಅವನವ್ವ ಕಿಟಕಿಯಿಂದ ತಲೆ ಹೊರಹಾಕಿದಳು.

"ಏನೋ, ಸಿಗೆತ್‌ನವನಿಗೆ ಹೇಳು, ಕಾರು ಬೇಕಾದ್ರೆ ನನ್ನನ್ನೂ ಸೇರಿಸಿ ಕೊಂಡ್ಕೋಬೇಕು ಅಂತ."

"ಅವ್ವಾ, ನಿನ್ನ ಸೇರಿಸಿದ್ರೆ ಅವನು ಕಾರೇ ಬೇಡ ಅಂತಾನೆ," ಅಂದ ಗ್ರಿಗೋರೆ. ಶೀಸೆಯನ್ನು ಹೆಂಡತಿಯ ಕಡೆ ಚಾಚಿದ. "ಒಂದು ಗುಟುಕು ತಗೋ. ಪಾತ್ರೆ ನಾನು ಇಳಿಸ್ತೀನಿ."

ಸರ್ಮಾಲೆ ಹೊತ್ತಿಗೆ ಸರಿಯಾಗಿ ಒಲೆ ಏರಿತು. ವೊಯ್ಕಾಳ ಮದುವೆಯಲ್ಲಿ ಯಾರೂ ಖಾಲಿ ಹೊಟ್ಟೆಗೆ ಕುಡಿಯಲಿಲ್ಲ. ಹೊಟ್ಟೆ ತುಂಬಿದ ಮೇಲೆ ಎಷ್ಟು ಕುಡಿದರು ಅನ್ನುವುದು ಬೇರೆ ಮಾತು.

ಆಮೇಲಿನ ಶನಿವಾರಗಳಲ್ಲಿ ಸವೇತಾಳ ಕಾರಿನ ಸದ್ದು ಕೇಳದ ಕಣಿವೆ ಉಳಿಯಲಿಲ್ಲ. ಮೆಚ್ಚಿದ ಜಾಗಗಳನ್ನು ಹೆಸರಿಟ್ಟು ಯಂತ್ರದಲ್ಲಿ ಉಳಿಸಿಕೊಳ್ಳಬಹುದು ಅಂತ ಅವಳು ಗುಂಡಿ ಒತ್ತಿ ಒತ್ತಿ ತಾನೇ ಕಂಡುಕೊಂಡಳು. ಒಳ್ಳೆ ಕೋಸು ಸಿಗುವ ಮನೆ, ಕಲ್ಲುಸೇತುವೆ, ನಾಯಿ ಬಿಡುವ ಅಂಗಳ, ಎಲ್ಲಕ್ಕೂ ಹೆಸರು. ಬೆಟ್ಟದ ನೆತ್ತಿಯ ಮೂರು ಕವಲಿಗೆ "ಅತ್ತೆ" ಅಂತ ಬರೆದಿಟ್ಟಳು.

ಈಗಲೂ ಇಜ್ವೋರಿನ ಕಡೆಗೆ ಕಾರು ಹೊರಟರೆ, ದೊರೆಸಾನಿ ಏರು ಮುಗಿಯುವ ಮುಂಚೆ ಗಂಭೀರವಾಗಿ ಹೇಳುತ್ತಾಳೆ: "ಮುನ್ನೂರು ಮೀಟರ್ ಮುಂದೆ, ಅತ್ತೆ."

ಪಕ್ಕದ ಸೀಟಿನಲ್ಲಿ ಸಂತನನ್ನು ಮಡಿಲಲ್ಲಿಟ್ಟುಕೊಂಡು ಕೂತ ಪಾರಾಸ್ಕಿವಾ ಪರದೆಯ ಕಡೆ ಬಾಗುತ್ತಾಳೆ.

"ಅಷ್ಟು ದೂರ ಯಾಕೆ ಹುಡುಕ್ತೀಯ ತಾಯಿ, ಇಲ್ಲೇ ಇದೀನಿ. ನೀನು ದಾರಿ ನೋಡು."