ಸರ್ಕಲ್ಲಿನಲ್ಲಿ ಸಪ್ಪಲಮ್ಮನ ಫ್ಲೆಕ್ಸು

"ಸಪ್ಪಲಮ್ಮನ ಬಾಯಿಂದ ನಾಲ್ಕು ಮಾತು ಕೇಳ್ಬೇಕಾ? ಹಂಗಾದ್ರೆ ರೇಷ್ಮೆ ಹುಳುವಾಗಿ ಹುಟ್ಟಿ ಬಾ."

ನಮ್ಮ ಬೀದಿಯ ಹೆಂಗಸರು ನಲ್ಲಿ ಮುಂದೆ ಬಿಂದಿಗೆ ಇಟ್ಟುಕೊಂಡು ಹೀಗೆ ಅನ್ನುತ್ತಿದ್ದರು. ಸುಳ್ಳೇನಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ನಮ್ಮೂರಿನಲ್ಲಿ ಯಾರು ಹುಳು ಸಾಕಿದರೂ ಸಪ್ಪಲಮ್ಮನಿಗೆ ಕರೆ ಹೋಗುತ್ತಿತ್ತು. ಆಕೆ ಬಾಗಿಲಲ್ಲಿ ಎರಡು ಸಲ ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಹುಳು ಮನೆಯೊಳಗೆ ಹೋದಳೆಂದರೆ ಆಯಿತು, ಹುಳು ಗೂಡಿಗೆ ಏರುವವರೆಗೂ ಊರಿಗೆ ಮುಖ ತೋರಿಸುತ್ತಿರಲಿಲ್ಲ. ಸೊಪ್ಪು ಹಾಕುತ್ತಾ ಆಡುವ ಮಾತು ಮಾತ್ರ ಗೋಡೆಯಾಚೆಗೆ ಕೇಳುತ್ತಿತ್ತು. "ತಿನ್ರವ್ವ, ತಿನ್ರಿ. ಯಾರೂ ಕಿತ್ಕೊಳ್ಳಲ್ಲ. ಏ ಮೂಲೇಲಿರೋಳೇ, ನಿಂಗ್ಯಾಕೆ ಕೋಪ?" ಹುಳುಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಸದ್ದಾಗುತ್ತದಲ್ಲ, ಆ ಸದ್ದು ಕೇಳಿಯೇ ಇವು ಇನ್ನೆಷ್ಟು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ ಅನ್ನುವುದನ್ನು ಹೇಳಿಬಿಡುತ್ತಿದ್ದಳು.

ಮನುಷ್ಯರ ಜೊತೆ ಯಾಕೆ ಮಾತಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಆಕೆಯ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ, ಅಷ್ಟೇ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆಕೆಯ ಅಕ್ಕ ಮುನಿಲಕ್ಷ್ಮಮ್ಮ, ಸೂಲಿಬೆಲೆಗೆ ಕೊಟ್ಟ ಹೆಣ್ಣು, ಹುಳು ಸಾಕಿದ್ದಳು. ಆ ಬೆಳೆ ನಂಬಿಕೊಂಡು ಮಗಳ ಮದುವೆ ಗೊತ್ತುಮಾಡಿದ್ದರು. ಇನ್ನೆರಡು ದಿನಕ್ಕೆ ಹುಳು ಗೂಡು ಕಟ್ಟಬೇಕು, ಆಗ ತಂಗಿ ನೋಡಲು ಬಂದಳು. ಬಸ್ಸಿಳಿದವಳೇ, ಅಕ್ಕನ ಬೆಳೆ ನೋಡುವ ಆಸೆಗೆ, ಕಾಲು ತೊಳೆಯದೆ ಹುಳು ಮನೆಗೆ ನುಗ್ಗಿದಳು. ಮಾರನೇ ದಿನ ತಟ್ಟೆ ತಟ್ಟೆಯೇ ಹುಳುಗಳು ಹಸಿರು ನೀರು ಕಕ್ಕಿ ಸತ್ತುಬಿದ್ದವು. ಮದುವೆ ಮುರಿಯಿತು. ಅಕ್ಕ ನಮ್ಮೂರಿಗೆ ಬಂದಳು. ತಂಗಿಯ ಮನೆಯ ಆಚೆ ನಿಂತು, ಬಗ್ಗಿ ಹೊಸಿಲು ಮುಟ್ಟಿ, ಬೀದಿಯೆಲ್ಲ ಕೇಳುವ ಹಾಗೆ ಹೇಳಿದಳು:

"ನೀನು ಕೊನೇ ಸಲ ಈ ಮನೆ ಬಿಟ್ಟು ಹೋಗ್ತೀಯಲ್ಲ, ಆವತ್ತು ಬರ್ತೀನಿ ಕಣೇ. ಆವತ್ತು ತುಳೀತೀನಿ ಈ ಹೊಸಿಲ. ಅಲ್ಲೀವರ್ಗೂ ನೀನು ನಂಗಿಲ್ಲ, ನಾನು ನಿಂಗಿಲ್ಲ."

ಹೊಸಿಲು ಮುಟ್ಟಿ ಆಡಿದ ಮಾತನ್ನು ನಮ್ಮ ಕಡೆ ಯಾರೂ ಹಗುರ ಮಾಡುವುದಿಲ್ಲ. ಆಡಿದವರಂತೂ ಮೊದಲೇ ಮಾಡುವುದಿಲ್ಲ. ಆವತ್ತಿನಿಂದ ಸಪ್ಪಲಮ್ಮ ಎಲ್ಲಿಗೆ ಹೋದರೂ ಎರಡೆರಡು ಸಲ ಕಾಲು ತೊಳೆಯುವುದು ಕಲಿತಳು. ಪ್ರತಿ ವರ್ಷ ಅವರೆ ಕಾಲಕ್ಕೆ ಅಕ್ಕನಿಗೊಂದು ಚೀಲ ಸೊಗಡಿನ ಅವರೆಕಾಯಿ ಕಳಿಸುತ್ತಿದ್ದಳು. ಚೀಲ ಕಟ್ಟಿದ ಗಂಟು ಕಟ್ಟಿದ ಹಾಗೇ ವಾಪಸ್ ಬರುತ್ತಿತ್ತು.

ಹೀಗಿರುವಾಗ ಪಕ್ಕದ ಮನೆ ಅಂಜಿನಮ್ಮನ ಮೊಮ್ಮಗಳು ಸಿಂಚನ ಕಾಲೇಜಿನಿಂದ ಒಂದು ಹೊಸ ಕೆಲಸ ಹೊತ್ತು ತಂದಳು. ಅವಳು ದೇವನಹಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಹುಡುಗಿ. ಅಲ್ಲಿ ಪ್ರಮೋದಾ ಮೇಡಂ ಅನ್ನುವವರು ಬರವಣಿಗೆಯ ಕೋರ್ಸು ನಡೆಸುತ್ತಿದ್ದರು, ಮೂರು ತಿಂಗಳದ್ದು. ನಡೆದದ್ದನ್ನೇ ಬರೆಯಬೇಕು, ಕೂದಲೆಳೆಯಷ್ಟೂ ಕಟ್ಟಬಾರದು, ಆದರೆ ಕಥೆ ಕೇಳಿದ ಹಾಗಿರಬೇಕು. ಕೋರ್ಸು ಮುಗಿಯುವ ದಿನ ಪ್ರತಿಯೊಬ್ಬರೂ ತಮ್ಮೂರಿನ ಒಬ್ಬರ ಬದುಕು ಬರೆದು ತಂದು, ಅವರನ್ನೇ ಕಾಲೇಜಿಗೆ ಕರೆಸಿ, ಶಾಲು ಹೊದಿಸಿ, ಎದುರು ಕೂರಿಸಿಕೊಂಡು ಓದಬೇಕು. "ಎದುರಿಗೆ ಓದೋಕೆ ಧೈರ್ಯ ಇಲ್ಲದ್ದನ್ನ ಹಿಂದಿನಿಂದ ಬರೀಬೇಡಿ" ಅಂತ ಮೇಡಂ ಮಾತು.

ಸಿಂಚನ ಹಿಡಿದದ್ದು ಸಪ್ಪಲಮ್ಮನನ್ನ.

"ಹೋಗಿ ಹೋಗಿ ಮಾತಾಡದೇ ಇರೋಳ್ನ ಹಿಡಿದ್ಯಲ್ಲೇ, ಪೆದ್ದಿ!" ಅಂತ ಅಂಜಿನಮ್ಮ ನಕ್ಕಳು. ಆದರೆ ಹುಡುಗಿ ಬಿಡಲಿಲ್ಲ. ಭಾನುವಾರ ಭಾನುವಾರ ಬಂದು ಹುಳು ಮನೆಯ ಕಿಟಕಿಯ ಜಾಲರಿಗೆ ಬೆನ್ನು ಕೊಟ್ಟು ಹೊರಗೆ ಕೂರುವಳು. ಮೂರು ಭಾನುವಾರ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ಸಪ್ಪಲಮ್ಮ ಮಾತು ಶುರು ಮಾಡಿದಳು. ಹುಡುಗಿಗಲ್ಲ, ಹುಳುಗಳಿಗೆ. "ಕೇಳ್ರವ್ವ, ನಂಗೊಬ್ಬಳು ಅಕ್ಕ ಇದ್ಳು. ಅವಳ ಬೆಳೆ ನನ್ನ ಕಾಲಿಂದ ಹೋಯ್ತು. ಒಂದೇ ಒಂದು ಸಲ ಬಂದು, ಬೈದ್ರೂ ಪರ್ವಾಗಿಲ್ಲ, ಕೂತ್ಕೊಂಡು ಬೈದು ಹೋಗ್ಲಿ ಅಂತ ನಂಗಾಸೆ." ಸಿಂಚನ ತಿರುಗಿ ನೋಡದೆ ಬರೆದುಕೊಂಡಳು.

ಬರೆದದ್ದನ್ನು ಓದಿ ಮೇಡಂ ಕೇಳಿದರಂತೆ, "ಅಕ್ಕ ಬಂದಳಾ?"

"ಇಲ್ಲ ಮೇಡಂ."

"ಹಾಗಾದರೆ ಬರಲಿಲ್ಲ ಅಂತಲೇ ಬರಿ. ಬಂದಳು ಅಂತ ಕಟ್ಟಬೇಡ."

ಅದನ್ನು ಬರೆಯಲು ಮನಸ್ಸು ಬಾರದೆ ಹುಡುಗಿ ಕೊನೇ ಪುಟ ಖಾಲಿ ಬಿಟ್ಟುಕೊಂಡಿದ್ದಳು.

ಕೋರ್ಸಿನ ಕೊನೇ ದಿನ ಶನಿವಾರ ಅಂತ ಗೊತ್ತಾಯಿತು. ಕೊನೇ ಪುಟ ಖಾಲಿಯಿದ್ದರೂ ಸಪ್ಪಲಮ್ಮನ ಬಗ್ಗೆ ಬರೆದದ್ದಕ್ಕೇ ಮೊದಲ ಸ್ಥಾನ. ಊರವರೂ ಬರಲಿ ಅಂತ ಸಿಂಚನ ತನ್ನ ಚಿಕ್ಕಪ್ಪನ ಮಗ ಮಂಜೇಶನಿಗೆ ಫೋನು ಮಾಡಿದಳು. ಅವನದು ದೇವನಹಳ್ಳಿಯಲ್ಲಿ ಫ್ಲೆಕ್ಸ್ ಅಂಗಡಿ. "ಅಣ್ಣಾ, ಸಪ್ಪಲಮ್ಮಜ್ಜಿದೊಂದು ಫೋಟೋ ಕಳಿಸ್ತೀನಿ. ದೊಡ್ಡದಾಗಿ ಹಾಕಿ, ಹೆಸರು ಹಾಕಿ, ಕೆಳಗೆ ಕಾಲೇಜು, ಟೈಮು ಹಾಕು. ನಮ್ಮೂರ ಸರ್ಕಲ್ಲಲ್ಲಿ ಕಟ್ಟು. ಯಾರ್ಗೂ ಹೇಳ್ಬೇಡ, ಸರ್ಪ್ರೈಸು."

ಈಗ ನಮ್ಮ ಕಡೆ ಫ್ಲೆಕ್ಸಿನ ವಿಚಾರ ಸ್ವಲ್ಪ ಹೇಳಬೇಕು. ಹುಟ್ಟುಹಬ್ಬವಾದರೆ ನಡುವೆ ಒಂದು ದೊಡ್ಡ ತಲೆ, ಸುತ್ತ ಇಪ್ಪತ್ತು ಸಣ್ಣ ತಲೆ, ಅರ್ಧ ಜನಕ್ಕೆ ಕೂಲಿಂಗ್ ಗ್ಲಾಸು. ಒಂದೇ ಒಂದು ತಲೆ ಇದ್ದು, ಪಕ್ಕದಲ್ಲಿ ದೀಪ ಉರಿಯುತ್ತಿದ್ದು, ಹಿಂದೆ ಮೋಡ ತೇಲುತ್ತಿದ್ದರೆ ಆ ಮನುಷ್ಯ ತೀರಿಕೊಂಡ ಅಂತ. ಮೂರನೇ ನಮೂನೆ ಯಾರೂ ಕೇಳಿಲ್ಲ, ಮಂಜೇಶನ ಕಂಪ್ಯೂಟರಿನಲ್ಲಿ ಇರಲೂ ಇಲ್ಲ. ಒಬ್ಬರದೇ ಫೋಟೋ ಅಂದಳಲ್ಲ ಅಂತ ಅವನು ಎರಡನೆಯದನ್ನು ತೆಗೆದ. ಶ್ರದ್ಧಾಂಜಲಿ ಅನ್ನುವ ಅಕ್ಷರ ಅಳಿಸಿದ. ದೀಪ ಚೆನ್ನಾಗಿ ಕಾಣುತ್ತಿತ್ತು, ಬಿಟ್ಟ. ಗುರುವಾರ ಊರು ಮಲಗಿದ ಮೇಲೆ ಬಂದು ಕಟ್ಟಿ ಹೋದ.

ಶುಕ್ರವಾರ ಬೆಳಿಗ್ಗೆ ಹಾಲು ಹಾಕಲು ಹೊರಟ ಚಿಕ್ಕವೆಂಕಟಪ್ಪ ಸರ್ಕಲ್ಲಿನಲ್ಲಿ ಗಾಡಿ ನಿಧಾನ ಮಾಡಿದ. ಫೋಟೋ ನೋಡಿದ, ಹೆಸರು ನೋಡಿದ. ಕೆಳಗಿನ ಸಣ್ಣ ಅಕ್ಷರ ಓದಲು ಹೋಗಲಿಲ್ಲ. ಅಂಥ ಫ್ಲೆಕ್ಸಿನಲ್ಲಿ ಓದಲು ಇನ್ನೇನಿರುತ್ತದೆ? "ಅಯ್ಯೋ ಶಿವನೇ!" ಅಂದವನೇ ಫೋಟೋ ಹೊಡೆದು ಊರ ಗ್ರೂಪಿಗೆ ಹಾಕಿದ. ಹಾಲಿನ ಡೇರಿ ಮುಟ್ಟುವಷ್ಟರಲ್ಲಿ ನಲವತ್ತೆರಡು ಜನ ಓಂ ಶಾಂತಿ ಹಾಕಿದ್ದರು.

"ಐದು ದಿನದಿಂದ ಕಂಡಿಲ್ಲ ಕಣೋ ಅವಳು" ಅಂದಳು ಅಂಜಿನಮ್ಮ, ನಿಂತಲ್ಲೇ ಕುಸಿದು. "ಮನೆ ಬೀಗ ಹಾಕಿದೆ. ಹೊಸಕೋಟೆ ಆಸ್ಪತ್ರೆಗೇನಾದ್ರೂ ಸೇರ್ಸಿದ್ರೋ ಏನೋ. ಹೆಣ ಇನ್ನೂ ತಂದಿಲ್ಲ."

ಸಪ್ಪಲಮ್ಮ ಎಲ್ಲಿದ್ದಳು ಅಂತೀರಾ? ಊರಾಚೆ, ಆದಿನಾರಾಯಣಪ್ಪನ ತೋಟದ ಹುಳು ಮನೆಯಲ್ಲಿ, ಬೀದಿಯಲ್ಲಿ ಯಾರಿಗೂ ಹೇಳದೆ ಹೋಗಿದ್ದಳು. ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುಗಳನ್ನು ಒಂದೊಂದೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಆ ಹೊತ್ತಿನಲ್ಲಿ ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಹೊರಗೆ ಹೋಗುವ ಹಾಗಿಲ್ಲ. ಆದಿನಾರಾಯಣಪ್ಪನ ಫೋನು ಜಗಲಿಯ ಮೇಲೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗಿತ್ತು.

ಇತ್ತ ಊರಿನಲ್ಲಿ ಮನೆ ಮುಂದೆ ಕೊರಡು ಹಚ್ಚಿ ಹೊಗೆ ಹಾಕಿದರು. ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಹಾರಗಳು ಬಂದವು. ಹತ್ತು ಗಂಟೆಗೆ ಸೂಲಿಬೆಲೆ ಕಡೆಯಿಂದ ಒಂದು ಕಾರು ಬಂದು ನಿಂತಿತು. ಅದರಿಂದ ಮಗಳ ತೋಳು ಹಿಡಿದು ಇಳಿದವಳನ್ನು ನೋಡಿ ಬೀದಿಗೆ ಬೀದಿಯೇ ದಾರಿ ಬಿಟ್ಟಿತು. ಮುನಿಲಕ್ಷ್ಮಮ್ಮ. ಎಪ್ಪತ್ತು ವರ್ಷ, ಮಂಡಿ ನೋವು, ಕೆದರಿದ ಬಿಳಿ ಕೂದಲು. ಬೀಗ ಹಾಕಿದ ಬಾಗಿಲ ಮುಂದೆ ನೆಲಕ್ಕೆ ಕುಳಿತಳು.

ಇದೇ ಹೊತ್ತಿಗೆ ಸಪ್ಪಲಮ್ಮ ಕೊನೇ ಹುಳುವನ್ನು ಚಂದ್ರಿಕೆಗೆ ಏರಿಸಿ, ಕೈ ತೊಳೆದು, ಟಿಫನ್ ಡಬ್ಬಿ ಹಿಡಿದು ಮನೆಗೆ ಹೊರಟಿದ್ದಳು. ಬಂದದ್ದು ತೋಟದ ಕಾಲುದಾರಿಯಲ್ಲಿ, ಸರ್ಕಲ್ ಮೇಲೆ ಅಲ್ಲ. ಬೀದಿಗೆ ತಿರುಗಿದರೆ ಒಂದು ಮನೆಯಲ್ಲೂ ಒಲೆಯ ಹೊಗೆಯಿಲ್ಲ. ತನ್ನ ಮನೆ ಮುಂದೆ ಜನವೋ ಜನ. ಎಲ್ಲರಿಗಿಂತ ಹಿಂದೆ ನಿಂತಿದ್ದ ಚಿಕ್ಕವೆಂಕಟಪ್ಪನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಯಾರಪ್ಪಾ ಹೋಗಿದ್ದು?"

"ಸಪ್ಪಲಮ್ಮ ಕಣವ್ವ" ಅಂದ ಅವನು, ತಿರುಗದೆ. "ಪಾಪ, ಒಬ್ಬರ ತಂಟೆಗೆ ಹೋದೋಳಲ್ಲ."

ಅಷ್ಟರಲ್ಲಿ ಬಾಗಿಲ ಕಡೆಯಿಂದ ಹಾಡಿನ ಅಳು ಎದ್ದಿತು. ನಮ್ಮ ಕಡೆ ಹೆಂಗಸರು ಸತ್ತವರನ್ನು ಹಾಡಿಯೇ ಅಳುತ್ತಾರೆ. ಬದುಕಿದ್ದಾಗ ಹೇಳಲಾಗದ್ದೆಲ್ಲ ಆಗ ಹೊರಗೆ ಬರುತ್ತದೆ. ಆ ದನಿ ಕೇಳಿ ಸಪ್ಪಲಮ್ಮನ ಕೈಯ ಡಬ್ಬಿ ಸಡಿಲವಾಯಿತು.

"ಬಾಗ್ಲಿಗೆ ಬೀಗ ಹಾಕ್ಕೊಂಡು ಎಲ್ಲಿಗೋದ್ಯೇ ನನ್ ತಂಗೀ... ಅವರೆಕಾಯಿ ಕಳಿಸ್ದ ಕೈ ಎಲ್ಲೈತೇ ನನ್ನವ್ವಾ... ನಿನ್ ಕಾಲಿಂದ ಸಾಯ್ಲಿಲ್ಲ ಕಣೇ ನನ್ ಹುಳು... ಪಕ್ಕದ ಹೊಲದೋರು ಟೊಮೇಟೋಗೆ ಔಷಧಿ ಹೊಡ್ದಿದ್ರು, ಗಾಳೀಲಿ ಬಂದು ನನ್ ಸೊಪ್ಪಿನ ಮೇಲೆ ಕೂತಿತ್ತು... ತಿಂಗಳೊಳ್ಗೆ ಗೊತ್ತಾಯ್ತು ಕಣೇ ನಂಗೆ... ಹೊಸಿಲು ಮುಟ್ಟಿ ಆಡ್ದ ಮಾತು ನುಂಗಕಾಗ್ದೆ ನಿನ್ನೇ ನುಂಗ್ಬಿಟ್ಟೆನಲ್ಲೇ ತಂಗೀ..."

ಡಬ್ಬಿ ಕೆಳಗೆ ಬಿತ್ತು. ಚಿಕ್ಕವೆಂಕಟಪ್ಪ ತಿರುಗಿ ನೋಡಿದ. ಅವನ ಬಾಯಿಂದ ಹೊರಟ ಸದ್ದು ಯಾವ ಭಾಷೆಯದೂ ಅಲ್ಲ. ಕೈಯಲ್ಲಿದ್ದ ಹಾರಗಳನ್ನು ಎಸೆದು ಹಿಂದಕ್ಕೆ ಹಾರಿದ, ಅವನ ಹಿಂದಿದ್ದವರು ಅವನ ಮೇಲೆ ಬಿದ್ದರು. ಮಕ್ಕಳು ಕಿರುಚಿದವು. ಅಂಜಿನಮ್ಮ ಕಂಬ ತಬ್ಬಿಕೊಂಡಳು.

"ಕಾಲು ನೋಡ್ರಲಾ ಕಾಲು! ಹಿಂದುಮುಂದಾಗೈತಾ ನೋಡ್ರಲಾ!" ಅಂತ ಯಾರೋ ಕೂಗಿದರು.

ಸಪ್ಪಲಮ್ಮ ಯಾರ ಕಡೆಯೂ ನೋಡಲಿಲ್ಲ. ಜನದ ನಡುವೆ ನೆಟ್ಟಗೆ ನಡೆದು ಬಾಗಿಲ ಹತ್ತಿರ ನಿಂತಳು. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಚೂರು ಹಾಗೇ ಇತ್ತು.

"ಹತ್ತೊಂಬತ್ತು ವರ್ಷ ಗೊತ್ತಿತ್ತಾ ಅಕ್ಕಾ?"

ಮುನಿಲಕ್ಷ್ಮಮ್ಮ ತಲೆ ಎತ್ತಿದಳು. ಹಾಡು ನಿಂತಿತು, ಬಾಯಿ ಮಾತ್ರ ತೆರೆದೇ ಇತ್ತು. ಕೈ ಚಾಚಿ ತಂಗಿಯ ಪಾದ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಆ ಪಾದವನ್ನು ಹಿಡಿದುಕೊಂಡವಳು ಬಿಡಲಿಲ್ಲ. ಇಬ್ಬರೂ ಅಳಲಿಲ್ಲ, ಅಳುವುದಕ್ಕೂ ಒಂದು ತಿಳಿವಳಿಕೆ ಬೇಕಲ್ಲ, ಅದು ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಒಂದು ಬೈಕು ಸದ್ದು ಮಾಡುತ್ತಾ ಬಂತು. ಮಂಜೇಶ, ಹಿಂದೆ ಅತ್ತು ಅತ್ತು ಮುಖ ಊದಿಸಿಕೊಂಡ ಸಿಂಚನ. ಗ್ರೂಪಿನಲ್ಲಿ ಓಂ ಶಾಂತಿ ನೋಡಿ ಇಬ್ಬರೂ ನಿಜವೇ ಅಂದುಕೊಂಡು ಬಂದಿದ್ದರು. ಮಂಜೇಶ ಅಂತೂ ದಾರಿಯುದ್ದಕ್ಕೂ, "ಎಂಥಾ ವಿಧಿ ನೋಡು, ನಿನ್ನೆ ತಾನೇ ನಾನೇ ಫ್ಲೆಕ್ಸ್ ಕಟ್ಟಿ ಬಂದೆ" ಅನ್ನುತ್ತಾ ಬಂದನಂತೆ. ಬದುಕಿ ನಿಂತಿದ್ದವಳನ್ನು ಕಂಡು ಸಿಂಚನ ಬೈಕಿನಿಂದ ಇಳಿಯಲಿಲ್ಲ, ಬಿದ್ದಳು. ಕಾಲೇಜು, ಕೋರ್ಸು, ಶಾಲು, ಸರ್ಪ್ರೈಸು ಅಂತ ತೊದಲಿ ತೊದಲಿ ಹೇಳಿ ಮುಗಿಸುವ ಹೊತ್ತಿಗೆ ಊರವರೆಲ್ಲ ಮಂಜೇಶನ ಕಡೆ ತಿರುಗಿದ್ದರು.

"ದೀಪ ಯಾಕೋ ಹಾಕ್ದೆ, ಮುಂಡೇದೇ?" ಅಂದಳು ಅಂಜಿನಮ್ಮ.

"ಚೆನ್ನಾಗ್ ಕಾಣ್ತಿತ್ತು ಅಜ್ಜಿ..."

"ಸಾವಿಗೆ ತಂದ ಹಾರ ಮನೆಗೆ ವಾಪಸ್ ಒಯ್ಯಂಗಿಲ್ಲ" ಅಂದ ಚಿಕ್ಕವೆಂಕಟಪ್ಪ, ಮಣ್ಣು ಕೊಡವಿಕೊಳ್ಳುತ್ತಾ. "ಇವನ ಕೊರಳಿಗೇ ಹಾಕ್ರಲಾ."

ಒಂದಿಬ್ಬರು ನಕ್ಕರು. ಸಪ್ಪಲಮ್ಮ ಬೀಗ ತೆಗೆದು, ಒಳಗಿನಿಂದ ಒಂದು ಚೆಂಬು ನೀರು ತಂದು ಅಕ್ಕನ ಮುಂದೆ ಇಟ್ಟಳು.

"ಕಾಲು ತೊಳ್ಕೊಂಡು ಒಳಗ್ ಬಾ."

ಮುನಿಲಕ್ಷ್ಮಮ್ಮ ಎದ್ದಳು. ಕಾಲು ತೊಳೆದಳು. ಹೊಸಿಲ ಹತ್ತಿರ ಬಂದವಳು ಗಕ್ಕನೆ ನಿಂತಳು. ಆಗ ಊರಿಗೂ ನೆನಪಾಯಿತು, ನಕ್ಕವರ ನಗು ಅಲ್ಲೇ ಒಣಗಿತು. ತಂಗಿ ಕೊನೇ ಸಲ ಮನೆ ಬಿಡುವ ದಿನ ತುಳಿಯುತ್ತೇನೆ ಅಂದಿದ್ದಳಲ್ಲ. ಈಗ ತುಳಿದರೆ?

"ಬೇಡ ಕಣೇ" ಅಂದಳು ಅಕ್ಕ. "ಒಂದ್ಸಲ ನೀನು ಸತ್ತಿದ್ದು ನೋಡ್ದೆ. ಇನ್ನೊಂದ್ಸಲ ನನ್ ಬಾಯಿಂದ ಸಾಯ್ಬೇಡ. ನಾನು ಹಿಂಗೇ ಹೋಗ್ತೀನಿ."

ಸಪ್ಪಲಮ್ಮ ಅಕ್ಕನನ್ನು ನೋಡಿದಳು. ಒಳಗೆ ತಿರುಗಿ ಮನೆಯನ್ನು ನೋಡಿದಳು. ಒಂದು ಹಾಸಿಗೆ ಸುರುಳಿ, ಎರಡು ಪಾತ್ರೆ, ಗೋಡೆಗೆ ಒರಗಿಸಿದ ಸೊಪ್ಪಿನ ಬುಟ್ಟಿ.

"ಕೊನೇ ಸಲ ಮನೆ ಬಿಡೋ ದಿನ ಅಂದೆ. ಸಾಯೋ ದಿನ ಅಂದ್ಯಾ?" ಅಂದಳು.

ಬಾಗಿಲಿಂದ ಪಕ್ಕಕ್ಕೆ ಸರಿದು ಅಕ್ಕನಿಗೆ ದಾರಿ ಬಿಟ್ಟಳು.

"ತುಳಿ. ನಾನು ಇವತ್ತೇ ಬಿಡ್ತೀನಿ. ಹೆಂಗೂ ಹುಳು ಏರಿಸಿ ಬಂದಿದ್ದೀನಿ. ಇನ್ನು ಗೂಡು ಅವೇ ಕಟ್ಕೊಳ್ತವೆ, ನಾನು ಬೇಕಾಗಿಲ್ಲ. ನಿನ್ ಮನೇಲಿ ಒಂದು ಮೂಲೆ ಐತಾ?"

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸೀರೆ ಎತ್ತಿ, ಹತ್ತೊಂಬತ್ತು ವರ್ಷದ ಮೇಲೆ, ಆ ಹೊಸಿಲನ್ನು ಬಲಗಾಲಿನಿಂದ ತುಳಿದಳು.

ಒಳಗೆ ಅವರು ಏನು ಮಾತಾಡಿದರೋ ನಮಗೆ ಗೊತ್ತಿಲ್ಲ. ಬೈದಳೋ, ಬೈಸಿಕೊಂಡಳೋ, ಕೂತೇ ಬೈದರು ಅನ್ನಿ. ಹೊರಗಿದ್ದವರಿಗೆ ಕಾಲು ಕಿತ್ತಿಡಲು ಆಗಲಿಲ್ಲ. ಯಾರೋ ಹೆಣಕ್ಕೆ ಹಚ್ಚಿದ ಬೆಂಕಿಯ ಮೇಲೆಯೇ ಟೀಗೆ ನೀರಿಟ್ಟರು. ಅರ್ಧ ಗಂಟೆಯ ಮೇಲೆ ಸಪ್ಪಲಮ್ಮ ಹಾಸಿಗೆ ಸುರುಳಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ಬೀಗದ ಕೈ ಅಂಜಿನಮ್ಮನಿಗೆ ಕೊಟ್ಟಳು. ಜಗಲಿಯ ಮೇಲೆ ತಾನು ಬರೆದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಸಿಂಚನಳ ಮುಂದೆ ನಿಂತಳು. ಈ ಸಲ ನೇರವಾಗಿ ಅವಳ ಮುಖ ನೋಡಿ ಮಾತಾಡಿದಳು.

"ನಾಳೆ ಎಷ್ಟೊತ್ತಿಗೆ ನಿನ್ ಕಾಲೇಜು?"

"ಹ-ಹನ್ನೊಂದಕ್ಕೆ ಅಜ್ಜಿ."

"ಸೂಲಿಬೆಲೆಯಿಂದ ಇಬ್ರೂ ಬರ್ತೀವಿ. ಆ ದೀಪ ಮಾತ್ರ ಅಲ್ಲಿ ಹಚ್ಬೇಡ ಅನ್ನು ನಿಮ್ಮಣ್ಣಂಗೆ."

ಕಾರಿನ ಹತ್ತಿರ ಹೋಗಿ ತಿರುಗಿ ನಿಂತಳು. ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತಾರೆ. ಹಾಗನ್ನಲಿ ಅಂತ ಎಲ್ಲರೂ ಕಾದರು. ಸಪ್ಪಲಮ್ಮ ಮನೆಯ ಕಡೆ ಕೈ ಮುಗಿದಳು.

"ಹೋಗ್ತೀನಿ" ಅಂದಳು.

"ಬಿಡ್ತು ಅನ್ನೇ! ಬರ್ತೀನಿ ಅನ್ನೇ ನನ್ ತಾಯೀ!" ಅಂತ ಅಂಜಿನಮ್ಮ ಅಲ್ಲಿಂದಲೇ ಕೂಗಿದಳು.

"ಬರ್ತೀನಿ ಅಂದ್ರೆ ಅಕ್ಕನ ಮಾತು ಸುಳ್ಳಾಗಲ್ವಾ?" ಅಂದು ಸಪ್ಪಲಮ್ಮ ಕಾರು ಹತ್ತಿದಳು.